ಕಾಡಿನಲ್ಲಿ ಸುಟ್ಟ ಗೆಡ್ಡೆ

ಸೊರಬ, ೧೨-೧೧-೧೯೫೮

ಪ್ರೀತಿಯ ಅವ್ವನಿಗೆ,

ನಿನ್ನೆ ನಾನು, ನಿನ್ನ ಅಳಿಯ ಇಬ್ಬರೇ ಕಾಡು ಸುತ್ತಲು ಹೋಗಿದ್ದೆವು. ಕಾನ್ವೆಂಟಿನ ಗೈಡ್ಸ್ ಕ್ಯಾಂಪಿನಲ್ಲಿ ಕಲಿತದ್ದನ್ನೆಲ್ಲ ತೋರಿಸುವ ಹುಮ್ಮಸ್ಸು ನನಗೆ. ಒಂದೇ ಕಡ್ಡಿಯಲ್ಲಿ ಬೆಂಕಿ ಹೊತ್ತಿಸಿ, ಕಾಡುಗೆಡ್ಡೆ ಅಗೆದು ಸುಟ್ಟು ಇವರಿಗೆ ಕೊಟ್ಟೆ. ನಗುತ್ತಲೇ ತಿಂದರು. ಸ್ವಲ್ಪ ಹೊತ್ತಿಗೇ ನಾಲಿಗೆ ಊದಿ ಉಸಿರು ಸಿಕ್ಕಿಕೊಂಡಿತು. ಸತ್ತೇ ಹೋಗುತ್ತಾರೆಂದು ಕಿರುಚಿದೆ ಅವ್ವಾ!

ಮನೆಯಲ್ಲಿ ಅತ್ತೆ ಹುಣಸೆನೀರು ಕುಡಿಸುತ್ತಾ, "ಆ ಗೆಡ್ಡೆ ಗಂಟಲು ತುರಿಸ್ತದೆ ಅಂತ ದನ ಕಾಯೋರಿಗೂ ಗೊತ್ತು. ನಿಂಗೆ ಗೊತ್ತಿರ್ಲಿಲ್ವೇನೋ ಹುಚ್ಚಪ್ಪಾ?" ಎಂದರು.

"ಗೊತ್ತಿತ್ತು ಕಣವ್ವ," ಎಂದು ಇವರು ತೊದಲಿದರು. "ಅವಳ ಕೈಯ ಮೊದಲ ಅಡಿಗೆ. ನೀನು ಒಲೆ ಹತ್ರಾನೇ ಬಿಡ್ತಿಲ್ವಲ್ಲ."

ಗೊತ್ತಿತ್ತಂತೆ ಅವ್ವಾ, ಗೊತ್ತಿದ್ದೂ ತಿಂದರಂತೆ! ಇವತ್ತು ಬೆಳಿಗ್ಗೆ ಅತ್ತೆ ಒಲೆಯ ಮುಂದಿನ ಮಣೆಯನ್ನು ನನ್ನ ಕಡೆ ಸರಿಸಿದರು. ಇವರು ಗಂಜಿ ಬಿಟ್ಟು ಬೇರೇನೂ ನುಂಗಲಾರರು. ಗಂಜಿ ಮಾಡುವುದು ಹೇಗೆಂದು ಈ ಕಾಗದ ಸಿಕ್ಕ ದಿನವೇ ಬರೆದು ಹಾಕು.

ನಿನ್ನ
ನೀಲಾಂಬಿಕ