ಆ್ಯಪ್ ಸ್ಟೋರಿನ ಸೂತಕ

೧೪ ಜೂನ್, ಶನಿವಾರ, ರಾಜಾಜಿನಗರ

ಅಜ್ಜಿ ಕಂಪ್ಯೂಟರಿನಲ್ಲಿ ದಿನವೂ ಆಡುತ್ತಿದ್ದ ಚೌಕಾಬಾರ ಇಂದು ತೆರೆಯಲಿಲ್ಲ. ಅದನ್ನು ಕೊಟ್ಟ ಆ್ಯಪ್ ಸ್ಟೋರೇ ಶಾಶ್ವತವಾಗಿ ಮುಚ್ಚಿದೆಯಂತೆ. ನಾನು ಪರಮ ಗಾಂಭೀರ್ಯದಿಂದ ಮಾನಿಟರಿಗೆ ಹಾರ ಹಾಕಿ, ಊದುಬತ್ತಿ ಹಚ್ಚಿ, ಮನೆಗೆ ಸೂತಕವೆಂದು ಸಾರಿದೆ. ಪಕ್ಕದ ಮನೆಯ ಕಲಾ ಆಂಟಿ, "ಅಯ್ಯೋ, ಯಾರು ಹೋಗ್ಬಿಟ್ರೋ?" ಎಂದು ಓಡಿಬಂದರು.

ಅಜ್ಜಿ ಮಾತ್ರ ನಗಲಿಲ್ಲ. "ಈ ಮನೇಲಿ ನನ್ ಜೊತೆ ಆಡ್ತಿದ್ದಿದ್ದು ಅದೊಂದೇ ಕಣೋ," ಎಂದಳು.

ನಾನು ಪೆಚ್ಚಾದೆ. ಸೀಮೆಸುಣ್ಣ ತಂದು ನೆಲದ ಮೇಲೆ ಚೌಕಾಬಾರದ ಮನೆಗಳನ್ನು ಬರೆದೆ. ಕವಡೆ ಸಿಗಲಿಲ್ಲ, ಹುಣಸೆಬೀಜಗಳ ಒಂದು ಮಗ್ಗುಲನ್ನು ಬೆಳ್ಳಗೆ ತೇಯ್ದೆವು. ಎರಡನೇ ಗರಕ್ಕೇ ಅಜ್ಜಿ ಒಂದು ಬೀಜವನ್ನು ಬೆರಳಿನಿಂದ ಮೆಲ್ಲಗೆ ಮಗುಚಿ, "ಚೌಕ!" ಎಂದು ಕೂಗಿದಳು. ಕಂಪ್ಯೂಟರ್ ಎಂದೂ ಇಂಥ ಕಳ್ಳಾಟಕ್ಕೆ ಬಿಟ್ಟಿರಲಿಲ್ಲ. ನಾನು ಗಂಭೀರವಾಗಿ ಫ್ಯಾನ್ ನೋಡುತ್ತಾ ಕುಳಿತೆ. ನಾಳೆಯೂ ಫ್ಯಾನನ್ನೇ ನೋಡಬೇಕು, ಅಜ್ಜಿ ಗೆಲ್ಲುವ ತನಕ...