ಬಾವಿಕಟ್ಟೆಯ ಮರಳು

ಬಂಟ್ವಾಳ, ೧೯೬೧

ಪಪ್ಪಾ,

ನೀವು ತೀರಿಕೊಂಡು ತಿಂಗಳಾಯಿತು; ಇಂದು ಇಗರ್ಜಿಯಲ್ಲಿ ನಿಮ್ಮ ತಿಂಗಳ ಪೂಜೆ ಮುಗಿಯಿತು. ತಮ್ಮ ಸಿಪ್ರಿಯಾನ್ ಫ್ರಾನ್ಸಿನಿಂದ ಬಂದಿದ್ದಾನೆ. ಪಾದ್ರಿಯಾಗಲು ಹೋದ ಮಗ ಬರ್ಗಂಡಿಯ ದ್ರಾಕ್ಷಿತೋಟದ ಹುಡುಗಿಯನ್ನು ಮದುವೆಯಾದ ಮೇಲೆ ನೀವು ಅವನ ಹೆಸರೆತ್ತಲಿಲ್ಲ. ಅವನು ಕಳಿಸಿದ ವೈನನ್ನು ಒಡೆದು ಹಾಕಿದೆ ಎಂದಿರಿ. ನಾನು ಅದನ್ನೇ ಅವನಿಗೆ ಬರೆದೆ.

ಮೊನ್ನೆ ಬಾವಿಕಟ್ಟೆಯ ಪಕ್ಕದ ಮರಳು ತೆಗೆಸಿದಾಗ ಅದೇ ವೈನಿನ ಮೂರು ಬಾಟ್ಲಿ ಸಿಕ್ಕಿದವು. ಹಲಸಿನ ಬೀಜ ಕಾಪಿಡುವವರಂತೆ ಕೆಮ್ಮಣ್ಣು ಮೆತ್ತಿ ಅಡ್ಡ ಮಲಗಿಸಿದ್ದಿರಿ.

ಪಾನನಿಷೇಧದ ಭಯಕ್ಕೆ ಕಿಟಕಿ ಮುಚ್ಚಿ ಮಧ್ಯಾಹ್ನದ ಊಟಕ್ಕೆ ಕುಳಿತೆವು. ಸೂಪಿನ ಜೊತೆ ತೆರೆದದ್ದು ಹುಳಿಯಾಗಿತ್ತು. ಮೀನಿನ ಜೊತೆಗಿನ ಬಿಳಿ ವೈನಿಗೆ ರುಚಿಯೇ ಉಳಿದಿರಲಿಲ್ಲ.

“ಇದು ಪಪ್ಪನ ಶಾಪ, ಮೆಟಿಲ್ದಾ ಬಾಯಿ,” ಎಂದು ತಮ್ಮ ನನ್ನನ್ನು ನೋಡಿ ನಕ್ಕ.

ಹಂದಿಮಾಂಸ ಬಡಿಸಿದಾಗ ಕೊನೆಯ ಕೆಂಪು ವೈನ್ ತೆರೆದ. ಒಂದು ಗುಟುಕು ಕುಡಿದು, ಇನ್ನೊಂದು ಗುಟುಕು ಕುಡಿದ.

“ಇದರಲ್ಲಿ ಇನ್ನೂ ಜೀವ ಉಂಟು. ನಮ್ಮ ಸೆಕೆಗೆ ಇದು ತನ್ನಷ್ಟಕ್ಕೆ ಉಳಿಯುವುದಿಲ್ಲ. ಯಾರೋ ದಿನಾ ನೀರು ಹಾಕಿ ತಂಪು ಮಾಡಿದ್ದಾರೆ.”

ಏನೂ ಬೆಳೆಯದ ಆ ಮರಳಿಗೆ ನೀವು ಬೇಸಿಗೆಯಿಡೀ ಕೊಡಪಾನದಲ್ಲಿ ನೀರು ಹೊಯ್ಯುತ್ತಿದ್ದಿರಿ. ನಾವು ಅರಳುಮರಳು ಎಂದುಕೊಂಡಿದ್ದೆವು. ನಾನಾದರೂ ಏಕೆಂದು ಕೇಳಬಹುದಿತ್ತಲ್ಲವೇ?

“ಪಪ್ಪ ಒಮ್ಮೆಯಾದರೂ ನನ್ನನ್ನು ವಿಚಾರಿಸಿದ್ದುಂಟಾ?” ಎಂದು ಸಿಪ್ರಿಯಾನ್ ಕೇಳಿದ.

ಇಲ್ಲ ಎಂಬುದು ನಿಜ. ಆದರೆ ಈಗ ಅದನ್ನು ಹೇಳಿದರೆ ಸುಳ್ಳಾಗುತ್ತಿತ್ತು. ನಾನು ಬಾಟ್ಲಿಯಲ್ಲಿ ಉಳಿದದ್ದನ್ನೆಲ್ಲ ಅವನ ಗ್ಲಾಸಿಗೆ ಬಗ್ಗಿಸಿದೆ. ಅವನು ತಳದ ಗಷ್ಟನ್ನೂ ಬಿಡದೆ ಕುಡಿದ.

ಮೆಟಿಲ್ದಾ