ಗುಲ್ಫಶಾ ಗಿಟಾರ್ ನುಡಿಸಿದ ಶುಕ್ರವಾರ

ಪ್ರೀತಿಯ ಗುಲ್ಫಶಾ,

ನಿನ್ನ ಭಾಯಿ ಮುಷರ್ರಫ್‌ನ ಸಲಾಂ. ಫೋನಿಗೆ ಕಳಿಸಿದ್ದನ್ನು ನೀನು ತೆರೆಯುವುದಿಲ್ಲ, ಅದಕ್ಕೇ ಈ ಕಾಗದ. ನೀನೀಗ ಇರುವ ಮನೆಯ ಹೀರಾಬಿ ಖಾಲಾ ನಿನ್ನೆ ರಾಯಚೂರಿಗೆ ಬಂದಿದ್ದರು, ಸಂಜೆಯ ಬಸ್ಸಿಗೆ ದೇವದುರ್ಗಕ್ಕೆ ಹೊರಟಿದ್ದಾರೆ. ಅವರ ಕೈಯಲ್ಲಿ ಕೊಡುತ್ತೇನೆ. ಮನೆಯಲ್ಲಿ ಆಡುವುದು ದಖ್ಖನಿ ಉರ್ದುವಾದರೂ ನಮ್ಮಿಬ್ಬರಿಗೂ ಸಲೀಸಾಗಿ ಬರೆಯಲು ಬರುವುದು ಶಾಲೆಯ ಕನ್ನಡವೇ. ಪೂರ್ತಿ ಓದುವವರೆಗೆ ಹರಿಯಬೇಡ. ಆಮೇಲೆ ನಿನ್ನಿಷ್ಟ.

ಹದಿನೈದನೆಯ ವಯಸ್ಸಿನಲ್ಲಿ ನಿನಗೆ ಮಿದುಳು ಜ್ವರ ಬಂತು. ಹನ್ನೆರಡು ದಿನದ ಮೇಲೆ ಆಸ್ಪತ್ರೆಯ ಮಂಚದಲ್ಲಿ ಎದ್ದು ಕೂತವಳು ಮೊದಲು ಕೇಳಿದ್ದು, "ಯಾಕ, ಯಾರೂ ಮಾತಾಡವಲ್ರಿ?" ಅಮ್ಮಿ ಆಗ ನಿನ್ನೆದುರೇ ದನಿ ತೆಗೆದು ಅಳುತ್ತಿದ್ದಳು.

ಮನೆಯಲ್ಲಿ ಗೋಡೆ ನೋಡುತ್ತ ಕೂರಬಾರದೆಂದು ನಿನ್ನನ್ನು ಸ್ಟೇಷನ್ ರಸ್ತೆಯ ನನ್ನ ಗೇಮ್ ಅಂಗಡಿಗೆ ಕರೆತರತೊಡಗಿದೆ. ಹೈದರಾಬಾದಿನಿಂದ ತಂದ ಆ ಹಳೆಯ ಪ್ಲಾಸ್ಟಿಕ್ ಗಿಟಾರ್ ನಿನ್ನ ಕೈಗೆ ಸಿಕ್ಕಿತು. ಅದಕ್ಕೆ ತಂತಿಯಿಲ್ಲ. ಕತ್ತಿನ ಮೇಲೆ ಐದು ಬಣ್ಣದ ಗುಂಡಿ, ಹೊಟ್ಟೆಯ ಮೇಲೆ ಮೀಟಲು ಒಂದು ಪಟ್ಟಿ, ಅಷ್ಟೆ. ಟಿವಿಯಲ್ಲಿ ಹಾಡು ಶುರುವಾದರೆ ಬಣ್ಣದ ಬಿಲ್ಲೆಗಳು ಮೇಲಿನಿಂದ ಇಳಿದು ಬರುತ್ತವೆ. ಗೆರೆ ಮುಟ್ಟಿದ ಗಳಿಗೆಗೆ ಅದೇ ಬಣ್ಣದ ಗುಂಡಿ ಒತ್ತಿ ಪಟ್ಟಿ ಮೀಟಬೇಕು. ಬಂದ ಹುಡುಗರೆಲ್ಲ ಹಾಡಿಗೆ ತಲೆ ಕುಣಿಸುತ್ತ ತಪ್ಪುತ್ತಿದ್ದರು. ನೀನು ಚಪ್ಪಲಿ ಬಿಟ್ಟು, ಬರಿಗಾಲನ್ನು ಸ್ಪೀಕರಿನ ಡಬ್ಬಿಗೆ ಒತ್ತಿ ನಿಂತು, ಕಣ್ಣು ಮಿಟುಕಿಸದೆ ಆಡುತ್ತಿದ್ದೆ. "ಭಾಯಿ, ಹಾಡು ಕಾಲಾಗ ಬರ್ತದ" ಅಂದಿದ್ದೆ ಒಮ್ಮೆ. ಎರಡು ವರ್ಷದಲ್ಲಿ ನನ್ನ ಅಂಗಡಿಯಲ್ಲಿ ನಿನ್ನನ್ನು ಗೆದ್ದವರಿಲ್ಲ. ತುಟಿ ನೋಡಿ ಮಾತು ಹಿಡಿಯುವುದನ್ನೂ ಅಷ್ಟೇ ಹಟದಿಂದ ಕಲಿತೆ. ನಿನ್ನ ಮಾತು ಮೊದಲಿನಂತೆಯೇ ಉಳಿದಿತ್ತು. ಹೊಸಬರಿಗೆ ಗೊತ್ತೇ ಆಗುತ್ತಿರಲಿಲ್ಲ.

ಹೇಳಿದರೆ ಮಾತ್ರ ಗೊತ್ತಾಗುತ್ತಿತ್ತು. ನಾಲ್ಕು ಮನೆಯವರಿಗೆ ಹೇಳಿದೆವು, ನಾಲ್ಕು ಮನೆಯವರೂ ಚಹಾ ಕುಡಿದು ಎದ್ದು ಹೋದರು. ನಿನಗೆ ಇಪ್ಪತ್ತಮೂರಾಗಿತ್ತು. ಐದನೆಯವರು ಮಾನ್ವಿಯಿಂದ ಬರುವವರಿದ್ದರು. ಸುಗ್ರಾ ಬೇಗಂ, ಅವರ ಮಗ ಮುಜಾಹಿದ್. ಅಂದು ಶುಕ್ರವಾರ. ಬೆಳಿಗ್ಗೆ ನೀನು ನನ್ನ ಕೈಗೊಂದು ಮಡಚಿದ ಚೀಟಿ ಕೊಟ್ಟೆ. "ಅಬ್ಬಾ ಈ ಸಲ ಹೇಳ್ತಾರಂತ ನನಗ ಭರೋಸಾ ಇಲ್ಲ. ನೀನ ಹುಡುಗನ ಕೈಯಾಗ ಇದನ್ನ ಕೊಡು" ಅಂದೆ. ಅದರಲ್ಲಿ ಇದ್ದದ್ದು ಎರಡೇ ಸಾಲು: ನನಗೆ ಕಿವಿ ಕೇಳಿಸುವುದಿಲ್ಲ. ಒಪ್ಪಿಗೆಯಿದ್ದರೆ ಮಾತ್ರ ಮುಂದುವರಿಯಿರಿ.

ಗುಲ್ಫಶಾ, ನಾನು ಆ ಚೀಟಿ ಕೊಡಲಿಲ್ಲ.

ಕೊಡಬೇಕೆಂದೇ ಜೇಬಿನಲ್ಲಿಟ್ಟುಕೊಂಡಿದ್ದೆ. ಆದರೆ ನೀನು ಚಹಾ ಕೊಟ್ಟು ತಿರುಗಿದಾಗ ಸುಗ್ರಾ ಬೇಗಂ ಹಿಂದಿನಿಂದ ನಿನ್ನ ಹೆಸರು ಕೇಳಿದರು. ನೀನು ನಡೆದುಬಿಟ್ಟೆ. ಅವರು ಇನ್ನೊಮ್ಮೆ ಕೂಗಿದರು. ಅಬ್ಬಾನ ಮುಖ ಬಿಳಿಚಿತು. ಆ ಮುಖ ನೋಡಿ ನಾನು ಎದ್ದೆ. "ನಾಚಿಗಿ ಬಾಳ ರೀ ನಮ್ಮ ಹುಡುಗಿಗಿ. ಹಾಡಂದ್ರ ಮಾತ್ರ ಜೀವ. ತಡೀರಿ, ತೋರಿಸ್ತೀನಿ" ಎಂದು ಓಡಿಹೋಗಿ ಅಂಗಡಿಯಿಂದ ಗೇಮ್ ಪೆಟ್ಟಿಗೆ, ಗಿಟಾರ್ ತಂದು ಮನೆಯ ಟಿವಿಗೆ ಜೋಡಿಸಿದೆ. ಎಲ್ಲಕ್ಕಿಂತ ವೇಗದ ಹಾಡು ಹಾಕಿದೆ. ನೀನು ಒಂದೂ ತಪ್ಪಲಿಲ್ಲ. ಸುಗ್ರಾ ಬೇಗಂ ಮಗನ ಕಡೆ ತಿರುಗಿ, "ಕಿವಿ ಎಷ್ಟು ಚುರುಕ ಅದಾವ ನೋಡು ಹುಡುಗೀವು" ಅಂದರು. ನೀನು ಆಗ ಟಿವಿ ನೋಡುತ್ತಿದ್ದೆ, ಅವರ ತುಟಿಯನ್ನಲ್ಲ.

ಹಾಡು ಮುಗಿದ ಮೇಲೆ ನನ್ನನ್ನು ನೋಡಿ ನಕ್ಕೆ. ಚೀಟಿ ಕೊಟ್ಟಾಗಿದೆ, ಕೇಳಿಸದಿದ್ದರೂ ಹುಡುಗಿ ಏನು ಮಾಡಬಲ್ಲಳೆಂದು ಭಾಯಿ ತೋರಿಸುತ್ತಿದ್ದಾನೆ ಎಂದುಕೊಂಡಿದ್ದೆ ನೀನು. ಅವರು ಹೋದ ಮೇಲೆ ಕೇಳಿದೆ, "ಏನಂದ್ರು?" ನಾನು ಹೇಳಿದೆ, "ಓದಿದ. ಒಪ್ಪಿಗಿ ಅದ ಅಂದ. ಅವರ ಅಮ್ಮಿ ಮುಂದ ಆ ಮಾತು ಎತ್ತಬ್ಯಾಡ ಅಂದಾನ." ಅಷ್ಟು ದೊಡ್ಡ ಸುಳ್ಳು ಅಷ್ಟು ಸಲೀಸಾಗಿ ಬಂತು. ಚೀಟಿಯನ್ನು ಅಂಗಡಿ ಮುಂದಿನ ಚರಂಡಿಗೆ ಹಾಕಿದೆ.

ಮದುವೆಯಾಗಿ ಮಾನ್ವಿಗೆ ಹೋದ ಮೊದಲ ತಿಂಗಳು ನೀನು ಫೋನಿಗೆ ಬರೆಯುತ್ತಿದ್ದೆ: ಅವರು ಯಾವಾಗಲೂ ನನ್ನೆದುರು ನಿಂತು, ನಿಧಾನವಾಗಿ ಮಾತಾಡುತ್ತಾರೆ ಭಾಯಿ, ನನಗೋಸ್ಕರ. ಮುಜಾಹಿದ್ ಎಲ್ಲರ ಜೊತೆಗೂ ಹಾಗೇ ಮಾತಾಡುವವನು. ನನಗದು ಗೊತ್ತಿತ್ತು. ಕರೆದರೆ ತಿರುಗದ ಸೊಸೆಯನ್ನು ಸುಗ್ರಾ ಬೇಗಂ ಸೊಕ್ಕಿನವಳೆಂದು ಬಯ್ಯುತ್ತಿದ್ದರೆಂಬುದೂ ನನ್ನ ಕಿವಿಗೆ ಬಿದ್ದಿತ್ತು. ಆಗಲಾದರೂ ಬಾಯಿ ಬಿಡಬಹುದಿತ್ತು.

ಎರಡನೆಯ ತಿಂಗಳಲ್ಲಿ ಸುಗ್ರಾ ಬೇಗಂ ಹಿತ್ತಲ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನೀನು ಹತ್ತು ಹೆಜ್ಜೆ ಆಚೆ, ಬೆನ್ನು ಹಾಕಿ ಕೂತು ಬದನೆಕಾಯಿ ಹೆಚ್ಚುತ್ತಿದ್ದೆ. ಒಂದು ತಾಸು ಕೂಗಿದರಂತೆ. ಊಟಕ್ಕೆ ಬಂದ ಮುಜಾಹಿದ್ ತಾಯಿಯನ್ನು ಎತ್ತಿದ. ನಿನ್ನನ್ನು ಕೇಳಿದ. ನೀನು ಅಳುತ್ತ, "ನನಗ ಕೇಳಸಂಗಿಲ್ಲ ಅಂತ ನಿಮಗ ಗೊತ್ತಲ್ಲ" ಅಂದೆ.

ಅಂದೇ ಸಂಜೆ ನಿನ್ನನ್ನು ನಮ್ಮ ಹೊಸ್ತಿಲಲ್ಲಿ ಬಿಟ್ಟ. "ಮೋಸ ಮಾಡಿದ್ದು ಅಲ್ದ, ನನ್ನ ಮ್ಯಾಲ ಸುಳ್ಳು ಹೇಳ್ತಾಳ್ರಿ" ಅಂದ. ನೀನು, "ಭಾಯಿ, ಹೇಳು. ಇವರು ಓದಿದ್ರು ಅಂತ ಹೇಳು" ಎಂದು ನನ್ನ ಅಂಗಿ ಹಿಡಿದು ಜಗ್ಗಿದೆ. ಅಬ್ಬಾ ಇದ್ದರು, ಅಮ್ಮಿ ಇದ್ದಳು, ಓಣಿಯ ಜನ ಇದ್ದರು. ನಾನು ನೆಲ ನೋಡಿದೆ. ಆವತ್ತು ನಿನ್ನ ಪಾಲಿಗೆ ಮುಜಾಹಿದ್ ಸುಳ್ಳ, ಅವನ ಪಾಲಿಗೆ ನೀನು ಸುಳ್ಳಿ. ಹಿರಿಯರು ಕೂತು ತಲಾಖ್ ಮಾಡಿಸಿದರು. ನೀನು ಖಾಲಾ ಮನೆಗೆ ಹೋದೆ.

ಹೋದ ವಾರ ನಾನು ಮಾನ್ವಿಗೆ ಹೋಗಿದ್ದೆ. ಮುಜಾಹಿದ್‌ಗೆ ಬೇರೆ ಮದುವೆಯಾಗಿದೆ. ಸುಗ್ರಾ ಬೇಗಂ ಇನ್ನೂ ಕೋಲು ಹಿಡಿದೇ ನಡೆಯುತ್ತಾರೆ. ಅವರಿಬ್ಬರ ಮುಂದೆ ಎಲ್ಲವನ್ನೂ ಹೇಳಿದೆ. ಹೊಡೆಯುತ್ತಾನೆಂದುಕೊಂಡಿದ್ದೆ, ಹೊಡೆಯಲಿಲ್ಲ. "ಆ ಚೀಟಿ ಕೊಟ್ಟಿದ್ರ ಹೂಂ ಅಂತಿದ್ನೋ, ಬ್ಯಾಡ ಅಂತಿದ್ನೋ, ನನಗ ಗೊತ್ತಿಲ್ಲ. ಆದ್ರ ಆಕಿಗಿ ಸುಳ್ಳಿ ಅಂತಿದ್ದಿಲ್ಲ" ಅಂದ. ನಿನಗೆ ತಿಳಿಸು ಅಂದದ್ದೂ ಅವನೇ. ಮನೆಗೆ ಬಂದು ಅಬ್ಬಾ ಅಮ್ಮಿಗೂ ಹೇಳಿದೆ. ಅಬ್ಬಾ ಅಂದಿನಿಂದ ನನ್ನೊಡನೆ ಮಾತಾಡಿಲ್ಲ.

ಮಾಫಿ ಕೇಳುವ ಬಾಯಿ ನನಗಿಲ್ಲ. ನೀನು ಕೊಟ್ಟರೂ ತೆಗೆದುಕೊಳ್ಳುವ ಕೈ ಇಲ್ಲ. ಅವನು ನಿನಗೆ ಮೋಸ ಮಾಡಲಿಲ್ಲ, ತಂಗಿ. ಆ ಎರಡು ತಿಂಗಳು ಅವನು ತೋರಿಸಿದ ಪ್ರೀತಿ ನಾಟಕವಲ್ಲ. ಇದನ್ನು ತಿಳಿದು ನಿನಗೆ ಸಮಾಧಾನವಾಗುತ್ತದೋ, ಇನ್ನಷ್ಟು ಉರಿಯುತ್ತದೋ, ನನಗೆ ತಿಳಿಯದು. ತಿಳಿಯುವ ಹಕ್ಕು ನಿನ್ನದು. ಅದನ್ನೂ ಒಂದು ವರ್ಷ ತಡೆಹಿಡಿದೆ.

ಅಲ್ಲಾಹ್ ನಿನ್ನನ್ನು ಕಾಯಲಿ. ನನ್ನಂಥವರಿಂದಲೂ ಕಾಯಲಿ.

ನಿನ್ನ ಮಾತನ್ನು ಮುಟ್ಟಿಸದ ಅಣ್ಣ,
ಮುಷರ್ರಫ್